ನೋಡಿರದ ಹಾದಿಯಲ್ಲಿ ಮೌಂಟನ್ ಬೈಕ್ ರೇಸ್: ಕೋರ್ಸನ್ನು ಒಂದೇ ದಿನದಲ್ಲಿ ಓದಿಕೊಳ್ಳುವುದು ಹೇಗೆ

ಬೆಂಗಳೂರಿನ ಸುತ್ತಲಿನ ಟ್ರೇಲ್‌ಗಳಲ್ಲಿ ಭಾನುವಾರ ಭಾನುವಾರ ಓಡಿಸಿ ಪಳಗಿದವರು ಗದಗಿನ ಕಡೆಗೋ ಕೊಡಗಿನ ಕಡೆಗೋ ಮೊದಲ ರೇಸಿಗೆ ಹೋದಾಗ ಹಿಂದೆ ಬೀಳುವುದು ಸಾಮಾನ್ಯವಾಗಿ ಕಾಲಿನ ಕಸುವು ಸಾಲದೆ ಅಲ್ಲ. ತಿರುವಿನಾಚೆ ಏನಿದೆಯೋ ಗೊತ್ತಿಲ್ಲದೆ ಅವರು ಎಲ್ಲ ಕಡೆಯೂ ಬ್ರೇಕ್ ಹಿಡಿಯುತ್ತಾರೆ, ನಿಜವಾಗಿ ಹಿಡಿಯಬೇಕಾದ ಜಾಗದಲ್ಲಿ ಮಾತ್ರ ಮರೆಯುತ್ತಾರೆ. ಇಡೀ ಕೋರ್ಸನ್ನು, ಅಂದರೆ ರೇಸಿನ ದಾರಿಯನ್ನು, ಬಾಯಿಪಾಠ ಮಾಡುವುದು ಒಂದು ದಿನದಲ್ಲಿ ಆಗದ ಕೆಲಸ, ಅದರ ಅಗತ್ಯವೂ ಇಲ್ಲ. ಐದಾರು ಜಾಗಗಳನ್ನು ಚೆನ್ನಾಗಿ ಕಲಿತು ಉಳಿದದ್ದನ್ನು ಕಣ್ಣಿಗೆ ಬಿಟ್ಟರೆ ಸಾಕು. ಆ ಐದಾರು ಜಾಗ ಯಾವುವು, ಅವನ್ನು ಹುಡುಕುವುದು ಹೇಗೆ ಎಂಬುದೇ ಈ ಲೇಖನದ ಮುಖ್ಯ ಭಾಗ.

ಇಲ್ಲಿ ಹೇಳುವುದು ಎಕ್ಸ್‌ಸಿಒ (ಕ್ರಾಸ್ ಕಂಟ್ರಿ ಒಲಿಂಪಿಕ್) ಬಗೆಯ ರೇಸಿಗೆ, ಅಂದರೆ 4ರಿಂದ 6 ಕಿ.ಮೀ. ಉದ್ದದ ಸುತ್ತನ್ನು ಹಲವು ಬಾರಿ ಹೊಡೆಯುವ ಪಂದ್ಯಕ್ಕೆ. ಒಲಿಂಪಿಕ್ಸ್‌ನಲ್ಲಿ 1996ರ ಅಟ್ಲಾಂಟಾ ಕೂಟದಿಂದ ಇರುವುದು ಇದೇ ಬಗೆ. ಹವ್ಯಾಸಿ ವಿಭಾಗಗಳಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ಸುತ್ತು ಇರುತ್ತದೆ. ಉದ್ದನೆಯ ಮ್ಯಾರಥಾನ್ ರೇಸಿನ ಬಗ್ಗೆ ಕೊನೆಯಲ್ಲಿ ಸ್ವಲ್ಪ ಹೇಳಿದೆ.

ಹೊರಡುವ ಮುಂಚೆ

ಆಯೋಜಕರು ದಾರಿಯ ನಕ್ಷೆಯ ಜಿಪಿಎಕ್ಸ್ ಫೈಲ್ ಕೊಟ್ಟಿದ್ದರೆ ಫೋನಿಗೆ ಹಾಕಿಕೊಂಡು ಉಪಗ್ರಹ ಚಿತ್ರದ ಮೇಲೆ ಗೆರೆ ನೋಡಿ. ಮೂರು ಸಂಗತಿ ಬರೆದುಕೊಳ್ಳಿ: ಒಂದು ಸುತ್ತಿನ ಉದ್ದ, ಒಟ್ಟು ಏರು ಎಷ್ಟು ಮೀಟರ್, ಅತಿ ಉದ್ದದ ಏರು ಯಾವ ಕಿಲೋಮೀಟರಿನಲ್ಲಿದೆ. ಹವ್ಯಾಸಿ ಸವಾರರು ಗಂಟೆಗೆ ಸುಮಾರು 400ರಿಂದ 700 ಮೀಟರ್ ಎತ್ತರ ಏರುತ್ತಾರೆ. ಸುತ್ತಿನಲ್ಲಿ 150 ಮೀಟರ್ ಏರು ಇದ್ದರೆ ಅದಕ್ಕೇ ಹದಿಮೂರರಿಂದ ಇಪ್ಪತ್ತೆರಡು ನಿಮಿಷ ಹೋಗುತ್ತದೆ. ಮಿಕ್ಕ ದೂರಕ್ಕೆ ಹತ್ತು ನಿಮಿಷ ಸೇರಿಸಿದರೆ ಸುತ್ತಿನ ಸಮಯದ ಅಂದಾಜು ಸಿಕ್ಕಿತು. ಎಷ್ಟು ನೀರು ಬೇಕು, ಎಷ್ಟು ತಿನ್ನಬೇಕು ಎಂಬುದೆಲ್ಲ ಈ ಲೆಕ್ಕದ ಮೇಲೆ ನಿಂತಿದೆ.

ನಿಯಮ ಪುಸ್ತಕದಲ್ಲಿ 80 ಪ್ರತಿಶತ ನಿಯಮ ಇದೆಯೇ ನೋಡಿಕೊಳ್ಳಿ. ಮುಂದಿರುವವರು ಮೊದಲ ಸುತ್ತನ್ನು 15 ನಿಮಿಷಕ್ಕೆ ಮುಗಿಸಿದರೆ, ಅವರಿಗಿಂತ 12 ನಿಮಿಷ ಹಿಂದೆ ಬಿದ್ದವರನ್ನು ಸುತ್ತಿನ ಕೊನೆಗೆ ಹೊರಗೆ ಕಳಿಸುತ್ತಾರೆ. ಅದು ಅವಮಾನವಲ್ಲ, ಸಣ್ಣ ಸುತ್ತಿನಲ್ಲಿ ಮುಂದಿನವರಿಗೆ ದಾರಿ ಖಾಲಿ ಇರಲೆಂದು ಮಾಡಿದ ವ್ಯವಸ್ಥೆ. ಅಲ್ಲಿಯವರೆಗಿನ ಸುತ್ತುಗಳ ಮೇಲೆ ನಿಮಗೆ ಸ್ಥಾನ ಸಿಗುತ್ತದೆ. ಹೊರಗಿನವರಿಂದ ನೀರು, ಚಕ್ರ, ಸ್ಪ್ಯಾನರ್ ಪಡೆಯಲು ಗುರುತು ಮಾಡಿದ ಫೀಡ್ ಜಾಗ ಬಿಟ್ಟು ಬೇರೆಲ್ಲೂ ಅವಕಾಶವಿಲ್ಲ ಎಂಬ ನಿಯಮವೂ ಹೆಚ್ಚಿನ ಕಡೆ ಇರುತ್ತದೆ.

ಮಣ್ಣು ಯಾವುದೆಂದು ವಿಚಾರಿಸಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗಟ್ಟಿ ನೆಲದ ಮೇಲೆ ಸಡಿಲ ಗರಸು, ನಡುನಡುವೆ ಕಲ್ಲುಬಂಡೆ. ಬಂಡೆ ಒಣಗಿದ್ದರೆ ಟೈರು ಕಚ್ಚಿ ಹಿಡಿಯುತ್ತದೆ, ಗರಸಿನ ಮೇಲೆ ತಿರುವಿನಲ್ಲಿ ಮುಂಚಕ್ರ ಜಾರುತ್ತದೆ. ಮಲೆನಾಡಿನಲ್ಲಿ ಒದ್ದೆ ಕೆಂಪುಮಣ್ಣು ಮತ್ತು ಬೇರು. ಉತ್ತರ ಕರ್ನಾಟಕದ ಎರೆಮಣ್ಣಿನದು ಬೇರೆಯದೇ ಕಥೆ. ಒಣಗಿದಾಗ ಬಿರುಕು ಬಿಟ್ಟು ಗಟ್ಟಿ ರಸ್ತೆಯಂತಿರುತ್ತದೆ, ಹಿಂದಿನ ರಾತ್ರಿ ಒಂದು ಮಳೆ ಬಿದ್ದರೆ ಮೂವತ್ತು ಮೀಟರಿನಲ್ಲಿ ಫೋರ್ಕಿಗೂ ಚಕ್ರಕ್ಕೂ ನಡುವೆ ತುಂಬಿಕೊಂಡು ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ. ಅಲ್ಲಿ ತುಳಿಯುವುದಕ್ಕಿಂತ ಬದಿಯ ಹುಲ್ಲಿನ ಮೇಲೆ ಸೈಕಲ್ ಹೊತ್ತು ಓಡುವುದೇ ವೇಗ. ಹಾಗೆ ಓಡುವಾಗಲೂ ಕೋರ್ಸಿನ ಬದಿಗೆ ಕಟ್ಟಿದ ಟೇಪಿನ ಒಳಗೇ ಇರಬೇಕು.

ಸೈಕಲ್: ಹೊಸದೇನನ್ನೂ ಹಾಕಬೇಡಿ

ರೇಸಿಗೆ ಒಂದು ವಾರ ಇರುವಾಗಲೇ ಸೈಕಲ್ ಕೆಲಸ ಮುಗಿದಿರಬೇಕು. ಹಿಂದಿನ ದಿನ ಸಂಜೆ ಹಾಕಿದ ಹೊಸ ಚೈನ್ ಹಳೆ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗುಚ್ಛ) ಮೇಲೆ ಜಿಗಿಯುತ್ತದೆ. ಹೊಸ ಬ್ರೇಕ್ ಪ್ಯಾಡ್ ಹದಕ್ಕೆ ಬರಲು ಇಪ್ಪತ್ತು ಸಲವಾದರೂ ವೇಗದಿಂದ ನಿಧಾನಕ್ಕೆ ಇಳಿಸಬೇಕು, ಇಲ್ಲದಿದ್ದರೆ ಮೊದಲ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದೇ ಇಲ್ಲ. ಪ್ಯಾಡಿನ ಉಜ್ಜುವ ಪದರ 1 ಮಿ.ಮೀ.ಗಿಂತ ತೆಳ್ಳಗಾಗಿದ್ದರೆ ಬದಲಿಸಿ. ಮಳೆ, ಕೆಸರಿನ ರೇಸಾದರೆ ರೆಸಿನ್ ಪ್ಯಾಡ್‌ಗಳು ಬೇಗ ಸವೆದುಹೋಗುತ್ತವೆ, ಲೋಹ ಬೆರೆತ ಪ್ಯಾಡ್ ಹೆಚ್ಚು ಬಾಳುತ್ತದೆ. ಆದರೆ ಡಿಸ್ಕಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಬರೆದಿದ್ದರೆ ಲೋಹದ್ದನ್ನು ಹಾಕುವಂತಿಲ್ಲ.

ಬಸ್ಸಿನ ಹೊಟ್ಟೆಯಲ್ಲೋ ರೈಲಿನಲ್ಲೋ ಕಾರಿನ ಹಿಂದೆಯೋ ಸೈಕಲ್ ಸಾಗಿಸುವಾಗ ಎರಡು ಹಾನಿ ಪದೇ ಪದೇ ಆಗುತ್ತವೆ. ಒಂದು, ಗೇರ್ ಬದಲಿಸುವ ಹಿಂದಿನ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಲೋಹದ ತುಂಡು, ಅಂದರೆ ಹ್ಯಾಂಗರ್, ಬಾಗುವುದು. ಸೈಕಲನ್ನು ಯಾವಾಗಲೂ ಗೇರ್ ಇಲ್ಲದ ಬದಿಗೆ ಮಲಗಿಸಿ, ಸಾಧ್ಯವಾದರೆ ಡಿರೇಲರ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಫ್ರೇಮಿನ ಒಳಗೆ ಕಟ್ಟಿ. ನಿಮ್ಮ ಫ್ರೇಮಿಗೆ ಸರಿಹೊಂದುವ ಹ್ಯಾಂಗರ್ ಇನ್ನೊಂದು ಜೊತೆಗಿರಲಿ. ಒಂದೊಂದು ಮಾದರಿಗೆ ಒಂದೊಂದು ಆಕಾರ, ಊರಿನ ಸೈಕಲ್ ಅಂಗಡಿಯಲ್ಲಿ ಸಿಗುವ ಮಾತೇ ಇಲ್ಲ. ಇನ್ನೊಂದು, ಚಕ್ರ ಬಿಚ್ಚಿದ ಹೊತ್ತಿನಲ್ಲಿ ಯಾರೋ ಬ್ರೇಕ್ ಲಿವರ್ ಒತ್ತಿ ಪ್ಯಾಡ್‌ಗಳು ಅಂಟಿಕೊಳ್ಳುವುದು. ನಡುವೆ ನಾಲ್ಕು ಮಡಿಕೆಯ ರಟ್ಟು ತುರುಕಿಟ್ಟರೆ ಮುಗಿಯಿತು.

ಪೆಡಲ್ ಬಳಿ ಮೂರು ಚೈನ್‌ರಿಂಗಿನ (ಹಲ್ಲುಚಕ್ರದ) ಹಳೆ ಸೈಕಲ್ ಇದ್ದರೂ ಚಿಂತೆಯಿಲ್ಲ. ಆದಷ್ಟೂ ನಡುವಿನ ರಿಂಗಿನಲ್ಲೇ ಓಡಿಸಿ, ಕಡಿದಾದ ಏರಿಗೆ ಸಣ್ಣದಕ್ಕೆ ಹಾಕಬೇಕಿದ್ದರೆ ಏರು ಹತ್ತುವ ಮುಂಚೆಯೇ ಹಾಕಿ. ಕಡಿದಾದಲ್ಲಿ ಒತ್ತಿ ತುಳಿಯುತ್ತಾ ಮುಂಭಾಗದ ಗೇರ್ ಬದಲಿಸಿದರೆ ಚೈನ್ ಬೀಳುವುದು ಬಹುತೇಕ ಖಚಿತ.

ಗಾಳಿಯ ಲೆಕ್ಕ

ದುಬಾರಿ ಬಿಡಿಭಾಗಗಳಿಗೆ ಸುರಿಯುವ ಹಣದಲ್ಲಿ ಹತ್ತನೇ ಒಂದು ಪಾಲನ್ನು ಒಳ್ಳೆಯ ಒತ್ತಡ ಮಾಪಕಕ್ಕೆ ಹಾಕಿದರೆ ಹೆಚ್ಚು ಲಾಭ. 29 ಇಂಚಿನ ಚಕ್ರ, 2.25 ಇಂಚಿನ ಟೈರು, 70ರಿಂದ 75 ಕೆ.ಜಿ. ತೂಕದ ಸವಾರ ಎಂದಿಟ್ಟುಕೊಂಡರೆ ಟ್ಯೂಬ್‌ಲೆಸ್‌ನಲ್ಲಿ ಮುಂದೆ 20–22, ಹಿಂದೆ 22–25 ಪಿಎಸ್‌ಐ ಇಂದ ಶುರು ಮಾಡಿ. ಒಳಗೆ ಟ್ಯೂಬ್ ಇದ್ದರೆ ಮುಂದೆ 28, ಹಿಂದೆ 30–32. ಟ್ಯೂಬ್‌ಗೆ ಇದಕ್ಕಿಂತ ಕಮ್ಮಿ ಹಾಕಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಭಯದಿಂದ 45–50 ಹಾಕಿಕೊಂಡು ಬರುವವರು ಬಹಳ. ಟೈರು ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ, ಗರಸಿನಲ್ಲಿ ಜಾರುತ್ತದೆ, ಅರ್ಧ ಗಂಟೆಯಲ್ಲಿ ಕೈ ಸೋಲುತ್ತದೆ.

ಒಂದೊಂದು ಪಂಪಿನ ಮುಳ್ಳು ಒಂದೊಂದು ಅಂಕಿ ತೋರಿಸುತ್ತದೆ. ಆದ್ದರಿಂದ ನಿಮ್ಮದೇ ಮಾಪಕ ಒಯ್ಯಿರಿ, ಎದುರಿನ ಟೆಂಟಿನವರ ಪಂಪ್ ಹೇಳಿದ 22ನ್ನು ನಂಬಬೇಡಿ. ಅಭ್ಯಾಸ ಸುತ್ತಿನಲ್ಲಿ ರಿಮ್ ಕಲ್ಲಿಗೆ ಟಣ್ ಎಂದರೆ ಎರಡು ಪಿಎಸ್‌ಐ ಏರಿಸಿ, ಗಟ್ಟಿ ತಿರುವಿನಲ್ಲಿ ಮುಂಚಕ್ರ ಜಾರಿದರೆ ಒಂದೊಂದೇ ಇಳಿಸಿ. ಬೆಳಗಿನ ತಂಪಿನಲ್ಲಿ ತುಂಬಿದ ಗಾಳಿ ಬಿಸಿಲೇರಿದಂತೆ ಒಂದೆರಡು ಪಿಎಸ್‌ಐ ಏರುವುದೂ ಉಂಟು, ಹೊತ್ತೇರಿದ ಮೇಲೆ ನಿಮ್ಮ ವಿಭಾಗದ ಸರದಿ ಇದ್ದರೆ ಸಾಲಿಗೆ ನಿಲ್ಲುವ ಮುಂಚೆ ಮತ್ತೆ ನೋಡಿ.

ನಮ್ಮ ಬಯಲುಸೀಮೆಯಲ್ಲಿ ಕಲ್ಲಿಗಿಂತ ದೊಡ್ಡ ಶತ್ರು ಮುಳ್ಳು. ಬಳ್ಳಾರಿ ಜಾಲಿ, ಕರಿಜಾಲಿ, ನೆಲದಲ್ಲಿ ಹರಡುವ ನೆಗ್ಗಿಲು ಇವು ಟ್ಯೂಬಿದ್ದವರ ರೇಸನ್ನು ಮೊದಲ ಸುತ್ತಿನಲ್ಲೇ ಮುಗಿಸಬಲ್ಲವು. ಟ್ಯೂಬ್‌ಲೆಸ್ ಆದರೆ ಟೈರಿಗೆ 100ರಿಂದ 120 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ. ನಮ್ಮ ಬಿಸಿಲಿಗೆ ಅದು ಎರಡು ಮೂರು ತಿಂಗಳಲ್ಲಿ ಒಣಗಿ ರಬ್ಬರಿನ ಉಂಡೆಯಾಗುತ್ತದೆ. ಚಕ್ರ ಬಿಚ್ಚಿ ಕಿವಿಯ ಹತ್ತಿರ ಅಲುಗಿಸಿ, ಒಳಗೆ ದ್ರವ ಕುಲುಕುವ ಸದ್ದು ಬಾರದಿದ್ದರೆ ಹೊಸದು ಬೇಕು.

ಕೋರ್ಸ್ ನೋಡುವುದು

ಹಿಂದಿನ ದಿನ ಮಧ್ಯಾಹ್ನದೊಳಗೆ ಊರು ಸೇರಿ. ಒಟ್ಟು ತೊಂಬತ್ತು ನಿಮಿಷ, ಮೂರು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಅಭ್ಯಾಸದಲ್ಲಿ ಇನ್ನೊಬ್ಬರೊಡನೆ ಪೈಪೋಟಿಗಿಳಿದು ಕಾಲು ಸುಟ್ಟುಕೊಂಡವರು ಮರುದಿನದ ರೇಸನ್ನು ಹಿಂದಿನ ದಿನವೇ ಓಡಿ ಮುಗಿಸಿರುತ್ತಾರೆ.

ಮೊದಲ ಸುತ್ತು ಮಾತನಾಡುತ್ತಾ ಹೋಗುವಷ್ಟು ನಿಧಾನ. ಅನುಮಾನ ಬಂದ ಪ್ರತಿ ಜಾಗದಲ್ಲೂ ಇಳಿಯಿರಿ. ಸೈಕಲ್ ಬದಿಗಿಟ್ಟು ಕೆಳಗಿನವರೆಗೆ ನಡೆದು ಹೋಗಿ, ಅಲ್ಲಿಂದ ತಿರುಗಿ ಮೇಲಕ್ಕೆ ನೋಡಿ. ಮೇಲಿನಿಂದ ಭಯಂಕರವಾಗಿ ಕಾಣುವ ಬಂಡೆ ಕೆಳಗಿನಿಂದ ಒಂದು ಜಾರುಬಂಡೆಯಷ್ಟೇ ಎಂದು ತಿಳಿಯುತ್ತದೆ. ಮೇಲಿನಿಂದ ಸಲೀಸಾಗಿ ಕಂಡದ್ದರ ಬುಡದಲ್ಲಿ ಮಳೆನೀರು ಕೊರೆದ ಕೊರಕಲು ಅಡ್ಡ ಬಿದ್ದಿರುವುದೂ ಕೆಳಗಿನಿಂದಲೇ ಕಾಣುವುದು. ಯಾವಾಗಲೂ ಹೊರಬರುವ ದಾರಿಯನ್ನು ಮೊದಲು ಆರಿಸಿ, ಒಳಹೋಗುವ ದಾರಿ ಅದರಿಂದ ತಾನಾಗಿ ನಿರ್ಧಾರವಾಗುತ್ತದೆ.

ಮೆಟ್ಟಿಲಿನಂಥ ಇಳಿತ ಎದುರಾದರೆ ಎತ್ತರ ಅಳೆಯಿರಿ. ಸಾಧಾರಣ ಸೈಕಲ್ಲಿನಲ್ಲಿ ಚೈನ್‌ರಿಂಗಿನ ತಳ ನೆಲದಿಂದ ಸುಮಾರು 25 ಸೆಂ.ಮೀ. ಮೇಲಿರುತ್ತದೆ. ಚೂಪು ಅಂಚಿನ ಇಳಿತ ಅದಕ್ಕಿಂತ ಎತ್ತರವಿದ್ದರೆ ನಿಧಾನವಾಗಿ ಉರುಳಿಸಿ ಇಳಿಯುವಾಗ ಚೈನ್‌ರಿಂಗ್ ಅಂಚಿಗೆ ತಗುಲಿ ಸವಾರ ಹ್ಯಾಂಡಲ್ ಮೇಲೆ ಹಾರುತ್ತಾರೆ. ಅಲ್ಲಿ ಆಯ್ಕೆ ಎರಡೇ: ಮುಂಚಕ್ರ ಎತ್ತಿ ಹಾರಿಸುವ ಕೌಶಲ ಇರಬೇಕು, ಇಲ್ಲವೇ ಬಿ ಲೈನ್ ಹಿಡಿಯಬೇಕು. ಕಠಿಣ ಜಾಗಗಳಲ್ಲಿ ಆಯೋಜಕರು ಬಳಸಿ ಹೋಗುವ ಸುಲಭ ದಾರಿ ಬಿಟ್ಟಿರುತ್ತಾರೆ, ಅದೇ ಬಿ ಲೈನ್. ಐದಾರು ಸೆಕೆಂಡ್ ಹೆಚ್ಚು ಹಿಡಿಯುತ್ತದೆ. ಅದನ್ನು ಹಿಡಿಯಲು ನಾಚುವವರು ಬಿದ್ದು ಕಳೆದುಕೊಳ್ಳುವುದು ನಿಮಿಷಗಟ್ಟಲೆ. ಅಭ್ಯಾಸದಲ್ಲಿ ಮೂರಕ್ಕೆ ಮೂರೂ ಸಲ ಸರಾಗವಾಗಿ ಇಳಿಯದ ಜಾಗವನ್ನು ರೇಸಿನಲ್ಲಿ ನಾಡಿ 180 ಇರುವಾಗ ಇಳಿಯುತ್ತೇನೆ ಎಂದುಕೊಳ್ಳಬೇಡಿ.

ಸುತ್ತು ಮುಗಿಯುವ ಹೊತ್ತಿಗೆ ಆ ಐದಾರು ಜಾಗಗಳ ಪಟ್ಟಿ ಸಿದ್ಧವಾಗಿರಬೇಕು. ಅದರಲ್ಲಿ ಎರಡು ಎಲ್ಲ ಕೋರ್ಸಿಗೂ ಖಾಯಂ. ಸ್ಟಾರ್ಟಿನಿಂದ ಹೊರಟ ಅಗಲ ದಾರಿ ಎಲ್ಲಿ ಕಿರಿದಾಗಿ ಒಬ್ಬೊಬ್ಬರೇ ಹೋಗುವ ಸಿಂಗಲ್ ಟ್ರ್ಯಾಕ್ ಆಗುತ್ತದೆ ಎಂಬುದು ಒಂದು, ಕೊನೆಯ ತಿರುವಿನಿಂದ ಫಿನಿಶ್‌ವರೆಗಿನ ದಾರಿ ಇನ್ನೊಂದು. ಉಳಿದವು ಆ ಕೋರ್ಸಿನವೇ: ಕುರುಡು ತಿರುವಿನ ಹಿಂದಿನ ಬೇರು, ಹಳ್ಳ ದಾಟಿದ ತಕ್ಷಣದ ಕಡಿದಾದ ಏರು, ಇಳಿಜಾರಿನ ಕೊನೆಯ ಸಡಿಲ ಗರಸು. ನೆಲವೇ ಸುಳಿವು ಕೊಡುತ್ತದೆ. ತಿರುವಿಗೆ ಮುಂಚೆ ಚಕ್ರ ಎಳೆದ ಗೆರೆ ಉದ್ದಕ್ಕೆ ಬಿದ್ದಿದ್ದರೆ ಅಲ್ಲಿ ಎಲ್ಲರೂ ತಡವಾಗಿ ಬ್ರೇಕ್ ಹಿಡಿದಿದ್ದಾರೆ ಎಂದರ್ಥ. ಪೊದೆ ಮುರಿದು ಬಿದ್ದಿದ್ದರೆ ಯಾರೋ ಆಗಲೇ ಹೊರಗೆ ಹೋಗಿ ಬಂದಿದ್ದಾರೆ.

ಎರಡನೇ ಸುತ್ತು ಆ ಜಾಗಗಳಿಗೆ ಮಾತ್ರ. ಉಳಿದ ಕಡೆ ಸುಮ್ಮನೆ ಉರುಳಿ, ಪ್ರತಿ ಜಾಗವನ್ನೂ ಎರಡು ಮೂರು ಬಾರಿ ಹಿಂದಕ್ಕೆ ಹೋಗಿ ಮಾಡಿ. ಹಿಂದಕ್ಕೆ ಹೋಗುವಾಗ ಟ್ರ್ಯಾಕಿನ ಹೊರಗೆ ನಡೆಯಿರಿ, ಎದುರಿನಿಂದ ಬರುವವರು ನಿಮ್ಮನ್ನು ನಿರೀಕ್ಷಿಸಿರುವುದಿಲ್ಲ. ಪ್ರತಿಯೊಂದಕ್ಕೂ ಅಲುಗಾಡದ ಗುರುತು ಹಿಡಿಯಿರಿ: ಹುತ್ತ, ವಿದ್ಯುತ್ ಕಂಬ, ಕವಲೊಡೆದ ಬೇವಿನ ಮರ. ರಿಬ್ಬನ್ ಗುರುತಾಗಿ ಬೇಡ, ರಾತ್ರಿ ಗಾಳಿಗೆ ಹರಿಯುತ್ತದೆ, ಮೇಯಲು ಬಂದ ಆಡುಗಳೂ ಬಿಡುವುದಿಲ್ಲ. ‘ಹುತ್ತ ಬಂತು, ಎರಡು ಗೇರ್ ಇಳಿಸು, ಎಡಕ್ಕೆ’ ಎಂದು ಬಾಯಲ್ಲಿ ಹೇಳಿಕೊಳ್ಳುವಷ್ಟು ಚಿಕ್ಕದಾಗಿರಲಿ ಟಿಪ್ಪಣಿ. ಏರುಗಳಲ್ಲಿ ಯಾವ ಗೇರಿನಲ್ಲಿ ಹತ್ತಿದಿರಿ ಎಂಬುದನ್ನೂ ಸೇರಿಸಿ.

ಮೂರನೆಯದನ್ನು ಪೂರ್ತಿ ಹೊಡೆಯಬೇಕೆಂದಿಲ್ಲ. ಅತ್ಯಂತ ಕಷ್ಟದ ಒಂದು ಕಿಲೋಮೀಟರನ್ನು ಮಾತ್ರ ರೇಸಿನ ವೇಗದಲ್ಲಿ ಓಡಿಸಿ. ನಿಧಾನಕ್ಕೆ ಹೋದಾಗ ಸರಿಯೆನಿಸಿದ ಗೆರೆ, ಅಂದರೆ ಚಕ್ರ ಹಿಡಿಯುವ ದಾರಿ, ವೇಗದಲ್ಲಿ ಹೊರಕ್ಕೆ ತಳ್ಳುತ್ತದೆ, ಅದು ಹಾಗೆ ಓಡಿಸದೆ ಗೊತ್ತಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ತುಂಬಾ ಜನ ಮರೆಯುತ್ತಾರೆ. ನೀವು ಕೋರ್ಸ್ ನೋಡುವುದು ಸಂಜೆ ನಾಲ್ಕಕ್ಕೆ, ರೇಸ್ ಬೆಳಿಗ್ಗೆ ಏಳಕ್ಕೆ. ಮೂಡಲಿಗೆ ಮುಖ ಮಾಡಿದ ಇಳಿಜಾರಿನಲ್ಲಿ ಆಗ ಬಿಸಿಲು ನೇರ ಕಣ್ಣಿಗೆ ಬೀಳುತ್ತದೆ, ನೀಲಗಿರಿ ತೋಪಿನೊಳಗೆ ನೆರಳು ಬಿಸಿಲಿನ ಪಟ್ಟೆಗಳಲ್ಲಿ ಬೇರು ಕಾಣುವುದೇ ಇಲ್ಲ, ಇಬ್ಬನಿ ಬಿದ್ದ ಬಂಡೆ ಜಾರುತ್ತದೆ. ಕಪ್ಪು ಕನ್ನಡಕದ ಬದಲು ಪಾರದರ್ಶಕದ್ದನ್ನು ಹಾಕಿ.

ಕೋರ್ಸಿನ ಫಲಕಗಳಲ್ಲಿ ಕೆಳಮುಖದ ಬಾಣ ಒಂದಿದ್ದರೆ ಎಚ್ಚರಿಕೆ, ಎರಡಿದ್ದರೆ ದೊಡ್ಡ ಅಪಾಯ, ಮೂರಿದ್ದರೆ ಅತ್ಯಂತ ಅಪಾಯ, ಇಳಿದು ನಡೆದರೂ ತಪ್ಪಿಲ್ಲ. ಕತ್ತರಿ (X) ಗುರುತು ಕಂಡರೆ ದಾರಿ ತಪ್ಪಿದ್ದೀರಿ. ಊರಿನ ಸಣ್ಣ ರೇಸುಗಳಲ್ಲಿ ಇವುಗಳ ಬದಲು ಸುಣ್ಣದ ಗೆರೆ ಎಳೆದಿರುತ್ತಾರೆ. ಟೇಪನ್ನು ಬಿಟ್ಟು ಹೊರಗೆ ಹೋದರೆ ಹೋದ ಜಾಗದಿಂದಲೇ ಮತ್ತೆ ಒಳಬರಬೇಕು.

ಹೊಟ್ಟೆ, ನೀರು

ರೇಸಿಗೆ ಎರಡೂವರೆ ಮೂರು ಗಂಟೆ ಮುಂಚೆ ನಿಮಗೆ ಒಗ್ಗಿದ ತಿಂಡಿ: ಇಡ್ಲಿ, ಅವಲಕ್ಕಿ, ಕಾಳು ಹಾಕದ ಉಪ್ಪಿಟ್ಟು. ವಡೆ, ಪೂರಿ ರೇಸ್ ಮುಗಿದ ಮೇಲೆ. ಒಂದೂವರೆ ಗಂಟೆಯೊಳಗಿನ ರೇಸಿಗೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸಾಕು, ಎರಡು ಬಾಳೆಹಣ್ಣಿನಲ್ಲಿ ಸುಮಾರು 50 ಗ್ರಾಂ ಇರುತ್ತದೆ. ಸಿಂಗಲ್ ಟ್ರ್ಯಾಕಿನಲ್ಲಿ ಒಂದು ಕೈ ಬಿಟ್ಟು ತಿನ್ನಲಾಗುವುದಿಲ್ಲ, ಆದ್ದರಿಂದ ಎಲ್ಲಿ ತಿನ್ನಬಹುದು, ಎಲ್ಲಿ ಕುಡಿಯಬಹುದು ಎಂಬುದನ್ನು ಅಭ್ಯಾಸ ಸುತ್ತಿನಲ್ಲೇ ಗುರುತು ಹಾಕಿ. ಜೀಪ್ ರಸ್ತೆ, ಕೆರೆ ಏರಿ, ಇವೇ ಆ ಜಾಗ. ನೀರು ಗಂಟೆಗೆ 500ರಿಂದ 750 ಮಿ.ಲೀ., ಬಿಸಿಲಿದ್ದರೆ ಅದರಲ್ಲಿ ಓಆರ್‌ಎಸ್ ಬೆರೆಸಿ. ಪೊಟ್ಟಣದ ಮೇಲೆ ಹೇಳಿದಷ್ಟು ನೀರಿಗೇ ಬೆರೆಸಬೇಕು, ಗಟ್ಟಿಯಾದರೆ ಹೊಟ್ಟೆ ಕೆಡುತ್ತದೆ.

ಮೊದಲ ಸುತ್ತು

ಬಿಬ್ ನಂಬರಿನ ಫಲಕವನ್ನು ಹ್ಯಾಂಡಲ್ಲಿಗೆ ಕಟ್ಟುವಾಗ ಕೇಬಲ್‌ಗಳ ಮುಂದೆ ಬರಲಿ, ಅವನ್ನು ಒತ್ತಿಕೊಂಡಿರಬಾರದು. ಒತ್ತಿಕೊಂಡಿದ್ದರೆ ಹ್ಯಾಂಡಲ್ ತಿರುಗಿಸಿದಾಗ ಗೇರ್ ತಾನಾಗಿ ಜಿಗಿಯುತ್ತದೆ. ಸ್ಟಾರ್ಟಿಗೆ ನಲವತ್ತು ನಿಮಿಷ ಇರುವಾಗ ಮೈ ಬಿಸಿ ಮಾಡಿಕೊಳ್ಳಲು ಶುರು ಮಾಡಿ: ಹದಿನೈದು ನಿಮಿಷ ಹಗುರ, ಆಮೇಲೆ ಒಂದೊಂದು ನಿಮಿಷದ ಮೂರು ಜೋರು ಓಟ. ಎಕ್ಸ್‌ಸಿಒ ಶುರುವಾಗುವುದೇ ಏದುಸಿರಿನಿಂದ, ತಣ್ಣಗಿನ ಕಾಲಿಗೆ ಅದು ಆಗದು.

ಸಾಲಿನಲ್ಲಿ ನಿಲ್ಲುವಾಗ ನಡುವಿನ ಗೇರಿನಲ್ಲಿರಿ. ಸಿಂಗಲ್ ಟ್ರ್ಯಾಕ್ ಬಾಯಿಗೆ ಎಷ್ಟು ದೂರ ಎಂದು ನಿಮಗೆ ಈಗ ಗೊತ್ತಿದೆ. ಅದು 300 ಮೀಟರಿನೊಳಗಿದ್ದರೆ ಅಲ್ಲಿಯವರೆಗೆ ಜೋರಾಗಿ ತುಳಿಯಲೇಬೇಕು, ಇಲ್ಲದಿದ್ದರೆ ಮೊದಲ ಕಲ್ಲಿನ ಹತ್ತಿರ ಇಳಿದು ನಿಂತವರ ಸಾಲಿನ ಹಿಂದೆ ಎರಡು ಮೂರು ನಿಮಿಷ ಕಾಯುತ್ತೀರಿ. ಒಂದು ಕಿಲೋಮೀಟರ್ ದಾಟಿದ್ದರೆ ಅಷ್ಟು ಆತುರ ಬೇಡ, ಏರಿನಲ್ಲಿ ಗುಂಪು ತಾನಾಗಿ ಚೆದುರುತ್ತದೆ.

ಸಿಂಗಲ್ ಟ್ರ್ಯಾಕಿನೊಳಗೆ ಬಂದ ಮೇಲೆ ಉಸಿರು ಒಂದು ಹಂತ ಇಳಿಸಿ. ನಾಡಿ ಮೇಲೇರಿದಾಗ ಕಣ್ಣು ಮುಂಚಕ್ರದ ಬುಡಕ್ಕೆ ಇಳಿಯುತ್ತದೆ, ಗೊತ್ತಿಲ್ಲದ ಹಾದಿಯಲ್ಲಿ ಅದೇ ಬೀಳುವ ಕಾರಣ. ಮುಂದಿನವರ ಹಿಂಚಕ್ರಕ್ಕೆ ಅಂಟಿಕೊಳ್ಳಬೇಡಿ. ಮೂರು ಸೈಕಲ್ಲಿನಷ್ಟು ಅಂತರ ಬಿಟ್ಟು ಅವರ ಭುಜದಾಚೆಗೆ ನೋಡಿ. ಅವರು ಸರಾಗವಾಗಿ ಹೋದರೆ ಅವರ ಗೆರೆ ಸಾಲವಾಗಿ ಸಿಗುತ್ತದೆ, ಬಿದ್ದರೆ ನಿಲ್ಲಲು ಜಾಗ ಇರುತ್ತದೆ. ದಾಟಬೇಕಿದ್ದರೆ ‘ಬಲಕ್ಕೆ ಬರ್ತಿದೀನಿ’ ಎಂದು ಮೊದಲೇ ಕೂಗಿ, ಅಗಲ ಸಿಗುವವರೆಗೆ ಕಾಯಿರಿ. ಒಂದು ಸುತ್ತು ಮುಂದಿರುವವರು ಹಿಂದಿನಿಂದ ಬಂದರೆ ಮಾತ್ರ ಕೂಡಲೇ ದಾರಿ ಬಿಡಿ.

ಹತ್ತಲಾಗದ ಕಡಿದಾದ ಏರಿನಲ್ಲಿ ಚಕ್ರ ನಿಂತ ಮೇಲೆ ಇಳಿಯುವುದಲ್ಲ, ನಿಲ್ಲುವ ಮೊದಲೇ ಇಳಿದು ಓಡಿ. ಇಳಿಯುವ ಮುಂಚೆ ಮೇಲೆ ಹತ್ತಿ ಕೂತಾಗ ಬೇಕಾಗುವ ಗೇರಿಗೆ ಹಾಕಿಡಿ.

ಕೈಕೊಟ್ಟರೆ

ಒಯ್ಯಬೇಕಾದ್ದು: ಒಂದು ಟ್ಯೂಬು, ಎರಡು ಟೈರ್ ಲಿವರ್, ಚೈನ್ ಟೂಲ್ ಇರುವ ಮಲ್ಟಿಟೂಲ್, ತುಂಡಾದ ಚೈನ್ ಜೋಡಿಸಲು ನಿಮ್ಮ ಚೈನಿಗೆ ಹೊಂದುವ ಎರಡು ಕ್ವಿಕ್ ಲಿಂಕ್, ಕೈಪಂಪ್, ಟ್ಯೂಬ್‌ಲೆಸ್ ಆದರೆ ತೂತಿಗೆ ತುರುಕುವ ಪ್ಲಗ್. 9, 10, 11, 12 ಸ್ಪೀಡಿನ ಲಿಂಕುಗಳು ಒಂದಕ್ಕೊಂದು ಹೊಂದುವುದಿಲ್ಲ. 16 ಗ್ರಾಂ ಗ್ಯಾಸ್ ಕಾರ್ಟ್ರಿಜ್ 29 ಇಂಚಿನ ಟೈರನ್ನು ಓಡಿಸಲು ಸಾಕಾಗುವಷ್ಟು ಮಾತ್ರ ತುಂಬುತ್ತದೆ, ಕೈ ತಪ್ಪಿದರೆ ಅದೂ ಇಲ್ಲ. ಅದನ್ನು ನಂಬಿ ಪಂಪ್ ಬಿಟ್ಟುಬರಬೇಡಿ.

ಟ್ಯೂಬ್‌ಲೆಸ್ ಟೈರಿನಲ್ಲಿ ಮುಳ್ಳು ನೆಟ್ಟಿದ್ದರೂ ಗಾಳಿ ಹೋಗುತ್ತಿಲ್ಲವಾದರೆ ಕೀಳಬೇಡಿ, ಫಿನಿಶ್ ಆದ ಮೇಲೆ ನೋಡಿಕೊಳ್ಳಿ. ಬುಸ್ ಎನ್ನುತ್ತಿದ್ದರೆ ತೂತನ್ನು ಕೆಳಮುಖ ಮಾಡಿ ಅರ್ಧ ನಿಮಿಷ ನಿಲ್ಲಿ, ಸೀಲೆಂಟ್ ಅಲ್ಲಿಗೆ ಹರಿಯುತ್ತದೆ. ಮುಚ್ಚದಿದ್ದರೆ ಪ್ಲಗ್ ಚುಚ್ಚಿ. ಪಕ್ಕದ ಗೋಡೆ ಸೀಳಿದ್ದರೆ ಟ್ಯೂಬೇ ಗತಿ. ವಾಲ್ವ್ ಬಿಚ್ಚಿ ತೆಗೆಯಿರಿ, ಸೀಳಿಗೆ ಒಳಗಿನಿಂದ ಹಳೇ ಟೈರಿನ ತುಂಡನ್ನೋ ಮಡಿಸಿದ ನೋಟನ್ನೋ ಇಟ್ಟು ಟ್ಯೂಬು ತೂರಿಸಿ.

ಟ್ಯೂಬು ಬದಲಿಸುವಾಗ ಎಲ್ಲರೂ ಮಾಡುವ ತಪ್ಪು ಮುಳ್ಳನ್ನು ಟೈರಿನಲ್ಲೇ ಬಿಡುವುದು. ಜಾಲಿ ಮುಳ್ಳು ಹೊರಗೆ ಮುರಿದು ಒಳಗೆ ಎರಡು ಮಿ.ಮೀ. ಮಾತ್ರ ಚಾಚಿರುತ್ತದೆ, ಹೊಸ ಟ್ಯೂಬನ್ನು ಐದು ನಿಮಿಷದಲ್ಲಿ ಮತ್ತೆ ಚುಚ್ಚುತ್ತದೆ. ಕೈಗವಸು ತೆಗೆದು ಬೆರಳನ್ನು ಟೈರಿನ ಒಳಮೈಯಲ್ಲಿ ನಿಧಾನವಾಗಿ ಒಂದು ಸುತ್ತು ಆಡಿಸಿ. ಬೆರಳಿಗೆ ಚುಚ್ಚಿದರೂ ಸರಿ, ಸಿಗುವವರೆಗೆ ಬಿಡಬೇಡಿ.

ಬಿದ್ದೆದ್ದ ಮೇಲೆ ಗೇರ್ ಕಟಕಟ ಎನ್ನುತ್ತಿದ್ದರೆ ಹಿಂದಿನಿಂದ ಡಿರೇಲರ್ ನೋಡಿ. ಒಳಕ್ಕೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಆಮೇಲೆ ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಲೇಬೇಡಿ, ಡಿರೇಲರ್ ಕಡ್ಡಿಗಳೊಳಗೆ ಸಿಕ್ಕಿ ಚಕ್ರ, ಫ್ರೇಮು ಎರಡೂ ಹೋಗುತ್ತವೆ. ಚೈನ್ ತುಂಡಾಗಿ ಕೊಂಡಿ ತೆಗೆದು ಗಿಡ್ಡ ಮಾಡಿದ್ದರೂ ಇದೇ ಎಚ್ಚರ. ತಲೆಗೆ ಪೆಟ್ಟು ಬಿದ್ದು ಹೆಲ್ಮೆಟ್ ಬಿರುಕು ಬಿಟ್ಟಿದ್ದರೆ ರೇಸ್ ಅಲ್ಲಿಗೆ ನಿಲ್ಲಿಸಿ, ಹತ್ತಿರದ ಮಾರ್ಷಲ್‌ಗೆ ಹೇಳಿ.

ನೋಡಲು ಅವಕಾಶವೇ ಇಲ್ಲದಿದ್ದರೆ

ಹಿಮಾಚಲದ ಎಂಟಿಬಿ ಹಿಮಾಲಯದಂಥ ಹಲವು ದಿನಗಳ ರೇಸಿನಲ್ಲಿ, 60 ಕಿ.ಮೀ. ಮೀರಿದ ಮ್ಯಾರಥಾನ್‌ಗಳಲ್ಲಿ ದಾರಿಯನ್ನು ಮುಂಚೆ ನೋಡಲಾಗುವುದಿಲ್ಲ. ಅಲ್ಲಿ ಟಾಪ್ ಟ್ಯೂಬಿನ (ಫ್ರೇಮಿನ ಮೇಲಿನ ಕೊಳವೆಯ) ಮೇಲೆ ಅಗಲ ಟೇಪು ಅಂಟಿಸಿ ಏರು ಶುರುವಾಗುವ ಮತ್ತು ಮುಗಿಯುವ ಕಿಲೋಮೀಟರ್, ನೀರಿನ ಜಾಗ, ಕಟ್‌ಆಫ್ ಸಮಯ ಇಷ್ಟನ್ನೇ ದಪ್ಪಗೆ ಬರೆದುಕೊಳ್ಳಿ. ಟೈರಿಗೆ ಎರಡು ಪಿಎಸ್‌ಐ ಹೆಚ್ಚು ಹಾಕಿ, ಕಾಣದ ಕಲ್ಲಿಗೆ ಕೊಡುವ ವಿಮೆ ಅದು. ಇಳಿಜಾರಿನಲ್ಲಿ ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗ ಮೀರಬೇಡಿ, ತಿರುವು ಕುರುಡಾದಷ್ಟೂ ವೇಗ ಇಳಿಯಲಿ. ಜೀಪ್ ರಸ್ತೆಯಲ್ಲಿ ಟ್ರ್ಯಾಕ್ಟರ್, ದನ, ನಾಯಿ ಎದುರಾಗುತ್ತವೆ, ರೇಸ್ ಎಂದು ರಸ್ತೆ ಮುಚ್ಚಿರುವುದಿಲ್ಲ. ಏರುಗಳಲ್ಲಿ ಸಮಯ ಗಳಿಸಿ. ಅಲ್ಲಿ ಗೊತ್ತಿಲ್ಲದ ದಾರಿಯಿಂದ ಆಗುವ ನಷ್ಟ ಕಡಿಮೆ.

ಫಿನಿಶ್ ಆದ ಮೇಲೆ ಫಲಿತಾಂಶದ ಹಾಳೆ ಅಂಟಿಸುವವರೆಗೆ ಹೊರಡಬೇಡಿ. ಸುತ್ತು ಎಣಿಸುವಲ್ಲಿ ಕೈತಪ್ಪು ಆಗುವುದು ಸಾಮಾನ್ಯ, ಆಕ್ಷೇಪಣೆಗೆ ಕೊಡುವ ಸಮಯ ತೀರ ಕಡಿಮೆ. ಕಾಲಿಗೋ ಫೋರ್ಕಿಗೋ ಕಟ್ಟಿದ, ಸಮಯ ಅಳೆಯುವ ಚಿಪ್ ವಾಪಸ್ ಕೊಟ್ಟು ಠೇವಣಿ ಪಡೆಯಿರಿ. ಎರೆಮಣ್ಣಿನಲ್ಲಿ ಓಡಿಸಿದ್ದರೆ ಅದು ಒಣಗುವ ಮುಂಚೆಯೇ ಬಕೆಟ್ ನೀರು, ಬ್ರಷ್ಷಿನಿಂದ ತೊಳೆಯಿರಿ. ಒತ್ತಡದ ನೀರಿನ ಗನ್ನನ್ನು ಹಬ್‌ಗೆ, ಪೆಡಲ್ ಅಚ್ಚಿಗೆ ಹಿಡಿದರೆ ಬೇರಿಂಗಿನೊಳಗೆ ನೀರು ನುಗ್ಗುತ್ತದೆ.